ಮಾಂಸದ ಕೋಳಿ ತಳಿಗಳ ಹೋಲಿಕೆ: ತೂಕವೊಂದೇ ಅಳತೆಗೋಲಲ್ಲ

ಹ್ಯಾಚರಿ, ಕೋಳಿ ಆಹಾರದ ಕಾರ್ಖಾನೆ, ಮೆಕ್ಕೆಜೋಳ ಹಾಗೂ ಸೋಯಾ ಹಿಂಡಿಯ ವರ್ತಕರು, ಔಷಧಿ ಮತ್ತು ಉಪಕರಣಗಳ ಮಾರಾಟಗಾರರು, ಸಗಟು ಕೋಳಿ ವ್ಯಾಪಾರಿಗಳು, ಬೀದಿಬೀದಿಯ ಕೋಳಿ ಅಂಗಡಿಗಳು, ಇವರೆಲ್ಲರ ವಹಿವಾಟು ಶೆಡ್ಡಿನೊಳಗೆ ಐದಾರು ವಾರಗಳಲ್ಲಿ ಬೆಳೆಯುವ ಬ್ರಾಯ್ಲರ್ ಕೋಳಿಯನ್ನು ಅವಲಂಬಿಸಿದೆ. ಆದ್ದರಿಂದಲೇ ಈ ಉದ್ಯಮದಲ್ಲಿ ತೊಡಗಿದವರ ನಡುವೆ ಪದೇ ಪದೇ ಕೇಳಿಬರುವ ಪ್ರಶ್ನೆ, ಮಾರುಕಟ್ಟೆಯಲ್ಲಿರುವ ತಳಿಗಳ ಪೈಕಿ ಯಾವುದು ಉತ್ತಮ ಎಂಬುದು. ಸಾಮಾನ್ಯವಾಗಿ ಈ ಪ್ರಶ್ನೆಗೆ ದೊರೆಯುವ ಉತ್ತರ ಇಂತಿಷ್ಟು ದಿನಕ್ಕೆ ಇಂತಿಷ್ಟು ತೂಕ ಎಂಬ ಒಂದೇ ಅಂಕಿ. ಈ ಉತ್ತರ ಅಪೂರ್ಣವಾದುದು. ಇದನ್ನೇ ನಂಬಿ ಮರಿ ಖರೀದಿಸಿದವರು ಹೆಚ್ಚು ತೂಕದ ಕೋಳಿ ಬೆಳೆಸಿಯೂ ಕಡಿಮೆ ಲಾಭ ಪಡೆಯುವ ಸಂದರ್ಭಗಳುಂಟು. ತಳಿಗಳನ್ನು ಯಾವ ಅಳತೆಗೋಲುಗಳಿಂದ, ಯಾವ ಕ್ರಮದಲ್ಲಿ ಹೋಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಳಿ ಎಂದರೇನು?

ಸಾಕಣೆದಾರರ ಕೈಸೇರುವ ಬ್ರಾಯ್ಲರ್ ಮರಿಯು ಶುದ್ಧ ತಳಿಯದಲ್ಲ. ಅದು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಬೇರೆ ಬೇರೆ ವಂಶಗಳ ಸಂಕರಣದಿಂದ ಹುಟ್ಟಿದ್ದು. ತಳಿ ಸಂವರ್ಧನ ಸಂಸ್ಥೆಗಳು ಮೇಲ್ಮಟ್ಟದಲ್ಲಿ ಶುದ್ಧ ವಂಶಗಳನ್ನು ಕಾಯ್ದುಕೊಂಡು ಬರುತ್ತವೆ. ಅವುಗಳಿಂದ ಮುತ್ತಜ್ಜ ಪೀಳಿಗೆ, ಅಜ್ಜ ಪೀಳಿಗೆ, ಪೋಷಕ ಪೀಳಿಗೆ ಎಂಬ ಹಂತಗಳನ್ನು ದಾಟಿ ಕೊನೆಯಲ್ಲಿ ಮಾರಾಟದ ಬ್ರಾಯ್ಲರ್ ಮರಿ ಬರುತ್ತದೆ. ತಂದೆಯ ಕಡೆಯ ವಂಶಗಳಲ್ಲಿ ಬೆಳವಣಿಗೆಯ ವೇಗ ಹಾಗೂ ಎದೆಯ ಮಾಂಸಕ್ಕೆ ಪ್ರಾಶಸ್ತ್ಯವಿರುತ್ತದೆ. ಇವುಗಳ ಮೂಲ ಕಾರ್ನಿಷ್ ಕೋಳಿ. ತಾಯಿಯ ಕಡೆಯಲ್ಲಿ ಮೊಟ್ಟೆಗಳ ಸಂಖ್ಯೆ ಹಾಗೂ ಮೊಟ್ಟೆಯೊಡೆದು ಮರಿಯಾಗುವ ಪ್ರಮಾಣಕ್ಕೂ ಗಮನ ಕೊಡಲಾಗುತ್ತದೆ. ಇವುಗಳ ಮೂಲ ಹೆಚ್ಚಾಗಿ ಬಿಳಿ ಪ್ಲಿಮತ್ ರಾಕ್. ಹೀಗೆ ಕೂಡಿಬಂದ ಗುಣಗಳು ಮುಂದಿನ ಪೀಳಿಗೆಯಲ್ಲಿ ಚದುರಿಹೋಗುವುದರಿಂದ ಶೆಡ್ಡಿನ ಬ್ರಾಯ್ಲರ್ ಕೋಳಿಗಳನ್ನೇ ಉಳಿಸಿಕೊಂಡು ಮರಿ ಮಾಡಿಸುವುದು ಲಾಭದಾಯಕವಲ್ಲ. ಪ್ರತಿ ಬ್ಯಾಚಿಗೂ ಹೊಸದಾಗಿ ಮರಿ ಖರೀದಿಸಬೇಕಾದ ಅನಿವಾರ್ಯತೆಯ ಹಿಂದಿನ ಕಾರಣ ಇದೇ.

ಜಗತ್ತಿನ ಬ್ರಾಯ್ಲರ್ ತಳಿಗಳ ಬಹುಪಾಲು ಇಂದು ಎರಡು ಸಮೂಹಗಳ ಕೈಯಲ್ಲಿದೆ. 1916ರಲ್ಲಿ ಅಮೆರಿಕದಲ್ಲಿ ಆರಂಭಗೊಂಡ ಕಾಬ್ ಸಂಸ್ಥೆಯ ಕಾಬ್ 500 ಒಂದು ಕಡೆಯಾದರೆ, ರಾಸ್ 308 ಹಾಗೂ ಆರ್ಬರ್ ಏಕರ್ಸ್ ತಳಿಗಳ ಒಡೆತನ ಹೊಂದಿರುವ ಏವಿಯಾಜೆನ್ ಇನ್ನೊಂದು ಕಡೆ. ಹಬ್ಬರ್ಡ್ ಸಂಸ್ಥೆಯೂ 2018ರಿಂದ ಏವಿಯಾಜೆನ್ ಸಮೂಹಕ್ಕೆ ಸೇರಿದೆ. ಭಾರತದಲ್ಲಿ ಬಿ. ವಿ. ರಾವ್ ಅವರು 1971ರಲ್ಲಿ ಸ್ಥಾಪಿಸಿದ ವೆಂಕಟೇಶ್ವರ ಹ್ಯಾಚರೀಸ್ ಸಮೂಹವು ಕಾಬ್ ಮೂಲದ ವಂಶಗಳಿಂದ ವೆನ್‌ಕಾಬ್ ಹೆಸರಿನ ತಳಿಯನ್ನು ರೂಪಿಸಿತು. ನಮ್ಮ ರಾಜ್ಯದ ಸಾಕಣೆದಾರರಿಗೆ ಈ ಹೆಸರು ಚಿರಪರಿಚಿತ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಳಿಯ ಹೆಸರು ಬದಲಾಗದಿದ್ದರೂ ಅದರ ಗುಣ ಬದಲಾಗುತ್ತಿರುತ್ತದೆ. ಶುದ್ಧ ವಂಶಗಳಲ್ಲಿ ಆಯ್ಕೆ ಪ್ರತಿ ಪೀಳಿಗೆಯಲ್ಲೂ ನಡೆಯುತ್ತದೆ. ಅಲ್ಲಿ ಸಾಧಿಸಿದ ಸುಧಾರಣೆ ಎಲ್ಲ ಹಂತಗಳನ್ನು ದಾಟಿ ಬ್ರಾಯ್ಲರ್ ಮರಿಯಲ್ಲಿ ಕಾಣಿಸಿಕೊಳ್ಳಲು ಕೆಲವು ವರ್ಷಗಳೇ ಬೇಕು. ಹತ್ತು ವರ್ಷಗಳ ಹಿಂದಿನ ಹೋಲಿಕೆಯ ಫಲಿತಾಂಶವನ್ನು ಇಂದಿನ ಖರೀದಿಗೆ ಆಧಾರವಾಗಿಸುವುದು ಹಳೆಯ ದರಪಟ್ಟಿ ಹಿಡಿದು ವ್ಯಾಪಾರಕ್ಕೆ ಹೊರಟಂತೆ.

ಗಿರಿರಾಜ, ಸ್ವರ್ಣಧಾರಾ ಮುಂತಾದ ಹಿತ್ತಲ ಕೋಳಿಗಳನ್ನು ಈ ಹೋಲಿಕೆಯಲ್ಲಿ ಸೇರಿಸಲಾಗದು. ಅವುಗಳ ಉದ್ದೇಶ ಬೇರೆ, ಮಾರುಕಟ್ಟೆಯೂ ಬೇರೆ. ಹೋಲಿಕೆ ಸಮಾನ ಉದ್ದೇಶದ ತಳಿಗಳ ನಡುವೆ ಮಾತ್ರ ಅರ್ಥಪೂರ್ಣ.

ಹೋಲಿಕೆಯ ಇತಿಹಾಸದಿಂದ ಎರಡು ಪಾಠಗಳು

ಬ್ರಾಯ್ಲರ್ ತಳಿಗಳ ವ್ಯವಸ್ಥಿತ ಹೋಲಿಕೆಗೆ ಮಾದರಿಯಾದುದು ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ನಡೆದ ‘ನಾಳಿನ ಕೋಳಿ’ ಸ್ಪರ್ಧೆ. 1948ರಲ್ಲಿ ನಡೆದ ರಾಷ್ಟ್ರಮಟ್ಟದ ಅಂತಿಮ ಸುತ್ತಿಗೆ ತಳಿ ಸಂವರ್ಧಕರು ಬೆಳೆದ ಕೋಳಿಗಳನ್ನು ಕಳುಹಿಸಲಿಲ್ಲ, ಮೊಟ್ಟೆಗಳನ್ನು ಕಳುಹಿಸಿದರು. ಎಲ್ಲರ ಮೊಟ್ಟೆಗಳನ್ನೂ ಒಂದೆಡೆ ಮರಿಮಾಡಿಸಿ, ಒಂದೇ ಬಗೆಯ ಆಹಾರ ಹಾಗೂ ಆರೈಕೆಯಲ್ಲಿ ಬೆಳೆಸಿ, ಅನಂತರ ತೂಕ, ಆಹಾರದ ಬಳಕೆ ಹಾಗೂ ಮಾಂಸದ ಗುಣವನ್ನು ಅಳೆಯಲಾಯಿತು. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಅವರ ಕಾರ್ನಿಷ್ ಸಂಕರಣದ ಕೋಳಿ ಗೆದ್ದಿತು. ಆರ್ಬರ್ ಏಕರ್ಸ್ ಸಂಸ್ಥೆಯ ಬಿಳಿ ಕೋಳಿಗಳೂ ಇದೇ ಸ್ಪರ್ಧೆಯಿಂದ ಹೆಸರು ಗಳಿಸಿದವು. ಪರಿಸರವನ್ನು ಸಮಾನಗೊಳಿಸಿದರೆ ಮಾತ್ರ ಉಳಿಯುವ ವ್ಯತ್ಯಾಸವನ್ನು ತಳಿಯದೆಂದು ಹೇಳಬಹುದು ಎಂಬುದು ಇದರ ಪಾಠ.

ಎರಡನೆಯ ಪಾಠವನ್ನು ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದ ಹೇವೆನ್‌ಸ್ಟೈನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಕಲಿಸುತ್ತದೆ. 1957ರ ಕಾಲದ ಗುಣಗಳನ್ನು ಹಾಗೆಯೇ ಉಳಿಸಿಕೊಂಡು ಬಂದ ಕೋಳಿ ವಂಶವೊಂದನ್ನು, 2001ರ ರಾಸ್ 308 ತಳಿಯೊಂದಿಗೆ ಹೋಲಿಸಲಾಯಿತು. ಎರಡಕ್ಕೂ 1957ರ ಮಾದರಿಯ ಆಹಾರ ಮತ್ತು 2001ರ ಮಾದರಿಯ ಆಹಾರ ಎಂಬ ಎರಡು ಬಗೆಯನ್ನು ಪ್ರತ್ಯೇಕವಾಗಿ ನೀಡಲಾಯಿತು. 42ನೆಯ ದಿನ ಹಳೆಯ ವಂಶವು ಹಳೆಯ ಆಹಾರದಲ್ಲಿ 539 ಗ್ರಾಂ, ಹೊಸ ಆಹಾರದಲ್ಲಿ 578 ಗ್ರಾಂ ತೂಗಿತು. ರಾಸ್ 308 ಹಳೆಯ ಆಹಾರದಲ್ಲಿ 2,126 ಗ್ರಾಂ, ಹೊಸ ಆಹಾರದಲ್ಲಿ 2,672 ಗ್ರಾಂ ತೂಗಿತು. ಬೆಳವಣಿಗೆಯಲ್ಲಿ ಆದ ಬದಲಾವಣೆಯ ಶೇಕಡಾ 85ರಿಂದ 90ರಷ್ಟು ವಂಶಗುಣದಿಂದ, ಉಳಿದದ್ದು ಆಹಾರದಿಂದ ಎಂಬುದು ಸಂಶೋಧಕರ ತೀರ್ಮಾನ.

ಈ ಅಂಕಿಗಳನ್ನು ಇನ್ನೊಂದು ದೃಷ್ಟಿಯಿಂದಲೂ ಓದಬೇಕು. ಆಹಾರ ಸುಧಾರಿಸಿದಾಗ ಹಳೆಯ ಕೋಳಿಗೆ ದೊರೆತ ಲಾಭ 39 ಗ್ರಾಂ ಮಾತ್ರ. ಹೊಸ ತಳಿಗೆ ದೊರೆತದ್ದು 546 ಗ್ರಾಂ. ಎಂದರೆ ಉತ್ತಮ ತಳಿಯು ಉತ್ತಮ ಆಹಾರವನ್ನು ಬೇಡುತ್ತದೆ. ಕಳಪೆ ಆಹಾರದಲ್ಲಿ ಅದು ಕಳೆದುಕೊಳ್ಳುವುದೂ ಹೆಚ್ಚು. ದುಬಾರಿ ಮರಿ ತಂದು ಅಗ್ಗದ ಆಹಾರ ಹಾಕುವವರು ತಳಿಗೆ ಕೊಟ್ಟ ಹಣವನ್ನು ಅರ್ಧದಾರಿಯಲ್ಲೇ ಬಿಟ್ಟಂತಾಗುತ್ತದೆ.

ಅಳತೆಗೋಲುಗಳು

ತಳಿಗಳ ಹೋಲಿಕೆಗೆ ಉದ್ಯಮದಲ್ಲಿ ಬಳಕೆಯಲ್ಲಿರುವ ಮುಖ್ಯ ಅಳತೆಗೋಲುಗಳು ಹೀಗಿವೆ.

1. ಸರಾಸರಿ ಜೀವಂತ ತೂಕ: ನಿಗದಿತ ವಯಸ್ಸಿನಲ್ಲಿ ಒಂದು ಕೋಳಿಯ ಸರಾಸರಿ ತೂಕ. ಹುಂಜಗಳು ಹೇಂಟೆಗಳಿಗಿಂತ ಗಣನೀಯವಾಗಿ ಹೆಚ್ಚು ತೂಗುವುದರಿಂದ ಎರಡೂ ಗುಂಪುಗಳಲ್ಲಿ ಹುಂಜ-ಹೇಂಟೆಗಳ ಪ್ರಮಾಣ ಸಮನಾಗಿರಬೇಕು.

2. ಆಹಾರ ಪರಿವರ್ತನಾ ಪ್ರಮಾಣ: ಉದ್ಯಮದಲ್ಲಿ ಎಫ್‌ಸಿಆರ್ ಎಂದೇ ಪರಿಚಿತ. ಒಂದು ಕಿಲೋ ಜೀವಂತ ತೂಕಕ್ಕೆ ಖರ್ಚಾದ ಆಹಾರ ಎಷ್ಟು ಕಿಲೋ ಎಂಬ ಲೆಕ್ಕ. ಈ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಬ್ರಾಯ್ಲರ್ ಉತ್ಪಾದನಾ ವೆಚ್ಚದ ಸರಿಸುಮಾರು ಮೂರನೇ ಎರಡು ಭಾಗ ಆಹಾರದ್ದೇ ಆಗಿರುವುದರಿಂದ ಲಾಭ-ನಷ್ಟದ ಮೇಲೆ ಇದರ ಪ್ರಭಾವ ದೊಡ್ಡದು.

3. ಸರಿಪಡಿಸಿದ ಎಫ್‌ಸಿಆರ್: ಕೋಳಿ ದೊಡ್ಡದಾದಂತೆ ಪ್ರತಿ ಕಿಲೋ ತೂಕಕ್ಕೆ ಬೇಕಾದ ಆಹಾರವೂ ಹೆಚ್ಚುತ್ತದೆ. 1.8 ಕಿಲೋಗೆ ಮಾರಿದ ಬ್ಯಾಚನ್ನು 2.4 ಕಿಲೋಗೆ ಮಾರಿದ ಬ್ಯಾಚಿನೊಂದಿಗೆ ನೇರವಾಗಿ ಹೋಲಿಸಿದರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಆದ್ದರಿಂದ ಎರಡನ್ನೂ 2 ಕಿಲೋ ತೂಕಕ್ಕೆ ಹೊಂದಿಸಲಾಗುತ್ತದೆ. 2ರಿಂದ ಸರಾಸರಿ ತೂಕವನ್ನು ಕಳೆದು, ಬಂದ ಅಂಕಿಯನ್ನು 4ರಿಂದ ಭಾಗಿಸಿ, ಎಫ್‌ಸಿಆರ್‌ಗೆ ಕೂಡಿಸುವುದು ರೂಢಿಯಲ್ಲಿರುವ ಸೂತ್ರ.

4. ಬದುಕುಳಿದ ಪ್ರಮಾಣ: ಶೆಡ್ಡಿಗೆ ಬಿಟ್ಟ ನೂರು ಮರಿಗಳಲ್ಲಿ ಮಾರಾಟಕ್ಕೆ ಸಿಕ್ಕವು ಎಷ್ಟು ಎಂಬುದು. ಕೊನೆಯ ವಾರದಲ್ಲಿ ಸತ್ತ ಕೋಳಿ ತನ್ನ ಪಾಲಿನ ಬಹುತೇಕ ಆಹಾರವನ್ನು ತಿಂದು ಮುಗಿಸಿರುತ್ತದೆ. ಆದ್ದರಿಂದ ಸಾವಿನ ಸಂಖ್ಯೆಯ ಜೊತೆಗೆ ಸತ್ತ ದಿನವನ್ನೂ ದಾಖಲಿಸಬೇಕು.

5. ಏಕರೂಪತೆ: ಸರಾಸರಿ ತೂಕದ ಶೇಕಡಾ 10ರಷ್ಟು ಮೇಲೆ ಅಥವಾ ಕೆಳಗೆ ಇರುವ ಕೋಳಿಗಳ ಪಾಲು ಎಷ್ಟು ಎಂಬ ಲೆಕ್ಕ. ಸರಾಸರಿ ಒಂದೇ ಇದ್ದರೂ, ಒಂದು ಹಿಂಡಿನಲ್ಲಿ ಎಲ್ಲವೂ ಒಂದೇ ಗಾತ್ರದವಾಗಿದ್ದು ಇನ್ನೊಂದರಲ್ಲಿ ಸಣ್ಣ-ದೊಡ್ಡ ಬೆರೆತಿರಬಹುದು. ಸಗಟು ವ್ಯಾಪಾರಿಗೂ ಹೋಟೆಲಿಗೂ ಬೇಕಾಗಿರುವುದು ಮೊದಲನೆಯ ಹಿಂಡು.

6. ಉತ್ಪಾದನಾ ದಕ್ಷತಾ ಸೂಚ್ಯಂಕ: ಮೇಲಿನ ಅಂಶಗಳಲ್ಲಿ ಮುಖ್ಯವಾದವುಗಳನ್ನು ಒಂದೇ ಅಂಕಿಯಲ್ಲಿ ಹಿಡಿದಿಡುವ ಪ್ರಯತ್ನ ಇದು. ಬದುಕುಳಿದ ಶೇಕಡಾ ಪ್ರಮಾಣವನ್ನು ಕಿಲೋ ಲೆಕ್ಕದ ಸರಾಸರಿ ತೂಕದಿಂದ ಗುಣಿಸಿ, ಬಂದ ಮೊತ್ತವನ್ನು ದಿನಗಳ ಲೆಕ್ಕದ ವಯಸ್ಸು ಹಾಗೂ ಎಫ್‌ಸಿಆರ್‌ಗಳ ಗುಣಲಬ್ಧದಿಂದ ಭಾಗಿಸಿ, 100ರಿಂದ ಗುಣಿಸಬೇಕು. ಅಂಕಿ ಹೆಚ್ಚಾದಷ್ಟೂ ಸಾಧನೆ ಉತ್ತಮ.

ಒಂದು ಲೆಕ್ಕ

ಈ ಅಳತೆಗೋಲುಗಳು ಲಾಭ-ನಷ್ಟದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಒಂದೇ ಸಾಕಣೆ ಕೇಂದ್ರದಲ್ಲಿ ‘ಕ’ ಮತ್ತು ‘ಖ’ ಎಂಬ ಎರಡು ತಳಿಗಳ ತಲಾ 1,000 ಮರಿಗಳನ್ನು 38 ದಿನ ಸಾಕಲಾಯಿತು ಎಂದು ಭಾವಿಸೋಣ.

‘ಕ’ ತಳಿ: ಮಾರಾಟವಾದ ಕೋಳಿ 940, ಸರಾಸರಿ ತೂಕ 2.20 ಕಿಲೋ, ಒಟ್ಟು ತೂಕ 2,068 ಕಿಲೋ, ಖರ್ಚಾದ ಆಹಾರ 3,516 ಕಿಲೋ, ಎಫ್‌ಸಿಆರ್ 1.70.

‘ಖ’ ತಳಿ: ಮಾರಾಟವಾದ ಕೋಳಿ 970; ಸರಾಸರಿ ತೂಕ 2.10 ಕಿಲೋ, ಒಟ್ಟು ತೂಕ 2,037 ಕಿಲೋ, ಖರ್ಚಾದ ಆಹಾರ 3,259 ಕಿಲೋ, ಎಫ್‌ಸಿಆರ್ 1.60.

ತೂಕ ಮಾತ್ರ ನೋಡುವವರು ಕೋಳಿಯೊಂದಕ್ಕೆ 100 ಗ್ರಾಂ ಮುಂದಿರುವ ‘ಕ’ ತಳಿಯನ್ನೇ ಆರಿಸುತ್ತಾರೆ. ಒಟ್ಟು ಮಾಲಿನಲ್ಲಿಯೂ ಅದು 31 ಕಿಲೋ ಮುಂದಿದೆ. ಈಗ ಖರ್ಚನ್ನು ಹಾಕೋಣ. ಮರಿಯೊಂದಕ್ಕೆ 40 ರೂಪಾಯಿ, ಆಹಾರ ಕಿಲೋಗೆ 40 ರೂಪಾಯಿ, ಹೊಟ್ಟು, ಲಸಿಕೆ, ವಿದ್ಯುತ್, ಕೂಲಿ ಇತ್ಯಾದಿಗಳಿಗೆ ಮರಿಯೊಂದಕ್ಕೆ 12 ರೂಪಾಯಿ ಎಂದಿಟ್ಟುಕೊಂಡರೆ, ‘ಕ’ ತಳಿಯ ಒಟ್ಟು ವೆಚ್ಚ 1,92,640 ರೂಪಾಯಿ, ‘ಖ’ ತಳಿಯದು 1,82,360 ರೂಪಾಯಿ. ಒಂದು ಕಿಲೋ ಜೀವಂತ ಕೋಳಿಯ ಉತ್ಪಾದನಾ ವೆಚ್ಚ ಕ್ರಮವಾಗಿ 93.15 ರೂಪಾಯಿ ಮತ್ತು 89.52 ರೂಪಾಯಿ.

ಫಾರಂ ಬಾಗಿಲಿನಲ್ಲಿ ಕಿಲೋಗೆ 95 ರೂಪಾಯಿ ದರ ಸಿಕ್ಕರೆ ‘ಕ’ ತಳಿಯಿಂದ ಉಳಿಯುವುದು 3,820 ರೂಪಾಯಿ, ‘ಖ’ ತಳಿಯಿಂದ 11,155 ರೂಪಾಯಿ. ದರ 90 ರೂಪಾಯಿಗೆ ಇಳಿದರೆ ‘ಕ’ ಸಾಕಿದವರಿಗೆ 6,520 ರೂಪಾಯಿ ನಷ್ಟವಾಗುತ್ತದೆ. ‘ಖ’ ಸಾಕಿದವರು 970 ರೂಪಾಯಿ ಲಾಭದೊಂದಿಗೆ ಪಾರಾಗುತ್ತಾರೆ. ಸೂಚ್ಯಂಕವೂ ಇದನ್ನೇ ಹೇಳುತ್ತದೆ: ‘ಕ’ ತಳಿಗೆ 320, ‘ಖ’ ತಳಿಗೆ 335. ತೂಕದ ವ್ಯತ್ಯಾಸವನ್ನು ಸರಿಪಡಿಸಿದ ಮೇಲೆಯೂ ‘ಕ’ ತಳಿಯ ಎಫ್‌ಸಿಆರ್ 1.65ಕ್ಕೆ ಮಾತ್ರ ಇಳಿಯುತ್ತದೆ, ‘ಖ’ ತಳಿಯದು 1.575 ಆಗುತ್ತದೆ.

ಇದೇ ಲೆಕ್ಕದಿಂದ ಮರಿಯ ದರದ ಬಗ್ಗೆಯೂ ಒಂದು ಉತ್ತರ ಸಿಗುತ್ತದೆ. 95 ರೂಪಾಯಿ ದರದಲ್ಲಿ ಎರಡು ತಳಿಗಳ ಲಾಭದ ಅಂತರ ಸಾವಿರ ಮರಿಗೆ 7,335 ರೂಪಾಯಿ, ಎಂದರೆ ಮರಿಯೊಂದಕ್ಕೆ 7 ರೂಪಾಯಿಗಿಂತ ಸ್ವಲ್ಪ ಹೆಚ್ಚು. ‘ಖ’ ತಳಿಯ ಮರಿಗೆ ಅಷ್ಟರವರೆಗೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಕೊಟ್ಟರೆ ತಳಿಯ ಮೇಲ್ಮೆಯೆಲ್ಲ ಹ್ಯಾಚರಿಯ ಪಾಲಾಗುತ್ತದೆ. ಆಹಾರದ ದರ ಬದಲಾದರೆ ಈ ಮಿತಿಯೂ ಬದಲಾಗುತ್ತದೆ. ಆಹಾರ ಕಿಲೋಗೆ 30 ರೂಪಾಯಿಗೆ ಸಿಗುವಾಗ ಲಾಭದ ಅಂತರ 4,765 ರೂಪಾಯಿಗೆ ಇಳಿಯುತ್ತದೆ. ದಾವಣಗೆರೆ, ಹಾವೇರಿಯ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳದ ಬೆಲೆ ಏರಿದಾಗ ಆಹಾರವನ್ನು ಮಿತವಾಗಿ ಬಳಸುವ ತಳಿಗೆ ಬೆಲೆ ಬರುತ್ತದೆ. ಬೆಲೆ ಇಳಿದಾಗ ವೇಗವಾಗಿ ತೂಕ ಏರಿಸಿಕೊಳ್ಳುವ ತಳಿಯ ಹಿನ್ನಡೆ ಕಡಿಮೆಯಾಗುತ್ತದೆ.

ವೇಗಕ್ಕೂ ತನ್ನದೇ ಆದ ಬೆಲೆಯಿದೆ ಎಂಬುದನ್ನು ಮರೆಯಬಾರದು. ಎರಡು ಬ್ಯಾಚುಗಳ ನಡುವೆ ಶೆಡ್ಡನ್ನು 14 ದಿನ ಖಾಲಿ ಬಿಡುವ ಕ್ರಮವಿದ್ದರೆ, 38 ದಿನದ ಬ್ಯಾಚು ವರ್ಷಕ್ಕೆ ಏಳು ಬಾರಿ ಬರುತ್ತದೆ. ಅದೇ ತೂಕಕ್ಕೆ 35 ದಿನದಲ್ಲಿ ತಲುಪುವ ತಳಿಯಿಂದ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದು ಬ್ಯಾಚು ಹೆಚ್ಚುವರಿಯಾಗಿ ಸಿಗುತ್ತದೆ. ಸಾಲ ಮಾಡಿ ಶೆಡ್ಡು ಕಟ್ಟಿದವರಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಒಂದೇ ವಯಸ್ಸಿನಲ್ಲಿ ಮಾತ್ರವಲ್ಲದೆ ಒಂದೇ ತೂಕದಲ್ಲಿಯೂ ತಳಿಗಳನ್ನು ಹೋಲಿಸಿ ನೋಡುವುದು ಸೂಕ್ತ.

ನ್ಯಾಯಸಮ್ಮತ ಹೋಲಿಕೆಯ ಕ್ರಮ

ಕಳೆದ ಬ್ಯಾಚಿನಲ್ಲಿ ಒಂದು ತಳಿ, ಈ ಬ್ಯಾಚಿನಲ್ಲಿ ಇನ್ನೊಂದು ತಳಿ ಸಾಕಿ ಫಲಿತಾಂಶವನ್ನು ಪಕ್ಕಪಕ್ಕದಲ್ಲಿಡುವುದು ಹೋಲಿಕೆಯಲ್ಲ. ಎರಡು ಬ್ಯಾಚುಗಳ ನಡುವೆ ಹವೆ, ಆಹಾರದ ಗುಣಮಟ್ಟ, ರೋಗಬಾಧೆ ಎಲ್ಲವೂ ಬದಲಾಗಿರುತ್ತವೆ. ಒಂದು ಶೆಡ್ಡಿನಲ್ಲಿ ಒಂದು ತಳಿ, ಮತ್ತೊಂದು ಶೆಡ್ಡಿನಲ್ಲಿ ಇನ್ನೊಂದು ತಳಿ ಸಾಕಿದರೂ ಶೆಡ್ಡಿನ ವ್ಯತ್ಯಾಸ ತಳಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಸಾಕಣೆ ಕೇಂದ್ರದಲ್ಲಿಯೇ ಪರೀಕ್ಷೆ ನಡೆಸಬಯಸುವವರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

ಶೆಡ್ಡನ್ನು ತಂತಿಬಲೆಯಿಂದ ಕನಿಷ್ಠ ಎಂಟು ಸಮಾನ ಅಂಕಣಗಳಾಗಿ ವಿಂಗಡಿಸಿ, ಎರಡು ತಳಿಗಳನ್ನು ಒಂದು ಬಿಟ್ಟು ಒಂದರಂತೆ ಬಿಡಬೇಕು. ಆಗ ಫ್ಯಾನಿನ ಬದಿ, ಬಾಗಿಲ ಬದಿ, ಬಿಸಿಲು ಬೀಳುವ ಬದಿ ಎಂಬ ಭೇದ ಎರಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಕೋಳಿಯೊಂದಕ್ಕೆ ಸಿಗುವ ಜಾಗ, ಆಹಾರದ ಹಾಗೂ ನೀರಿನ ಪಾತ್ರೆಗಳ ಸಂಖ್ಯೆ ಒಂದೇ ಆಗಿರಬೇಕು.

ಮರಿಗಳು ಒಂದೇ ದಿನ ಹುಟ್ಟಿದವಾಗಿರಬೇಕು. ಅಷ್ಟೇ ಮುಖ್ಯವಾದುದು ಪೋಷಕ ಹಿಂಡಿನ ವಯಸ್ಸು. ಎಳೆಯ ಹೇಂಟೆಗಳ ಮೊಟ್ಟೆ ಚಿಕ್ಕದು, ಮರಿಯೂ ಚಿಕ್ಕದು. ಆ ಹಿನ್ನಡೆ ಮಾರಾಟದ ದಿನದವರೆಗೂ ಉಳಿಯಬಹುದು. ಒಂದು ತಳಿಯ ಮರಿ ಎಳೆಯ ಹಿಂಡಿನದು, ಇನ್ನೊಂದರದು ಬಲಿತ ಹಿಂಡಿನದು ಆಗಿದ್ದರೆ ಅಳೆದದ್ದು ತಳಿಯನ್ನಲ್ಲ, ತಾಯಿಯ ವಯಸ್ಸನ್ನು. ಮರಿ ಖರೀದಿಸುವಾಗ ಪೋಷಕ ಹಿಂಡು ಎಷ್ಟು ವಾರದ್ದು ಎಂದು ಹ್ಯಾಚರಿಯಿಂದ ಲಿಖಿತವಾಗಿ ಕೇಳಿ ಪಡೆಯುವುದು ಉತ್ತಮ.

ಆಹಾರ ಒಂದೇ ಕಾರ್ಖಾನೆಯ ಒಂದೇ ಬ್ಯಾಚಿನದಾಗಿರಲಿ. ಪ್ರತಿ ಅಂಕಣಕ್ಕೆ ಹಾಕಿದ ಆಹಾರವನ್ನು ತೂಗಿ ಬರೆದು, ಕೊನೆಯಲ್ಲಿ ಉಳಿದದ್ದನ್ನು ತೂಗಿ ಕಳೆಯಬೇಕು. ಚೀಲದ ಲೆಕ್ಕವನ್ನು ನಂಬಿದರೆ ಎಫ್‌ಸಿಆರ್‌ನ ಎರಡನೆಯ ದಶಾಂಶ ಅರ್ಥ ಕಳೆದುಕೊಳ್ಳುತ್ತದೆ.

ಬಿಡುವ ದಿನ ಹಾಗೂ ಪ್ರತಿ ವಾರದ ಕೊನೆಯಲ್ಲಿ, ದಿನದ ಒಂದೇ ಹೊತ್ತಿನಲ್ಲಿ ತೂಕ ಮಾಡಬೇಕು. ಓಡಿಸಿ ಹಿಡಿದರೆ ಸುಲಭವಾಗಿ ಕೈಗೆ ಸಿಗುವುದು ಭಾರದ, ನಿಧಾನಗತಿಯ ಕೋಳಿಗಳೇ. ಆದ್ದರಿಂದ ಅಂಕಣದ ಎರಡು ಮೂರು ಕಡೆ ತಟ್ಟಿಯಿಂದ ಸುತ್ತುವರಿದು, ಒಳಗೆ ಸಿಕ್ಕ ಎಲ್ಲವನ್ನೂ ಒಂದನ್ನೂ ಬಿಡದೆ ತೂಗಬೇಕು. ಮೊದಲ ವಾರದ ಕೊನೆಗೆ ಮರಿ ತನ್ನ ಆರಂಭದ ತೂಕದ ನಾಲ್ಕು ಪಟ್ಟಿಗಿಂತ ಕಡಿಮೆಯಿದ್ದರೆ ತೊಂದರೆ ತಳಿಯಲ್ಲಿರದೆ ಕಾವು ಕೊಟ್ಟ ರೀತಿಯಲ್ಲಿರುವ ಸಂಭವವೇ ಹೆಚ್ಚು. ಅಂಥ ಬ್ಯಾಚಿನಿಂದ ತಳಿಯ ತೀರ್ಮಾನ ಮಾಡಲಾಗದು.

ಕೊನೆಯದಾಗಿ, ಸಣ್ಣ ವ್ಯತ್ಯಾಸವನ್ನು ದೊಡ್ಡದೆಂದು ಭಾವಿಸಬಾರದು. ಒಂದೇ ತಳಿಯ ನಾಲ್ಕು ಅಂಕಣಗಳ ಸರಾಸರಿ ತೂಕ 2.08 ಕಿಲೋದಿಂದ 2.20 ಕಿಲೋವರೆಗೆ ಹರಡಿಕೊಂಡಿದ್ದರೆ, ಎರಡು ತಳಿಗಳ ನಡುವಿನ 40 ಗ್ರಾಂ ಅಂತರಕ್ಕೆ ಯಾವ ಬೆಲೆಯೂ ಇಲ್ಲ, ಅದು ಆಕಸ್ಮಿಕವಿರಬಹುದು. ತಳಿಗಳ ನಡುವಿನ ಅಂತರವು ಒಂದೇ ತಳಿಯ ಅಂಕಣಗಳ ನಡುವಿನ ಅಂತರಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದು, ಮುಂದಿನ ಬ್ಯಾಚಿನಲ್ಲಿಯೂ ಅದೇ ದಿಕ್ಕಿನಲ್ಲಿ ಕಂಡುಬಂದರೆ ಮಾತ್ರ ಅದನ್ನು ಆಧರಿಸಿ ಖರೀದಿಯನ್ನು ಬದಲಿಸಬಹುದು.

ಹವೆ ಬದಲಾದರೆ ಸ್ಥಾನವೂ ಬದಲಾಗಬಹುದು

ತಳಿ ಸಂಸ್ಥೆಗಳು ಪ್ರಕಟಿಸುವ ಗುರಿ ತೂಕದ ಕೋಷ್ಟಕಗಳು ಉತ್ತಮ ಆಹಾರ, ಉತ್ತಮ ನಿರ್ವಹಣೆ ಹಾಗೂ ಹಿತವಾದ ಉಷ್ಣಾಂಶದಲ್ಲಿ ಸಾಧ್ಯವಾಗುವ ಸಾಧನೆಯನ್ನು ತೋರಿಸುತ್ತವೆ. ಬದಿಗಳಲ್ಲಿ ತಂತಿಬಲೆ, ಗೋಣಿ ಪರದೆಯಿರುವ ತೆರೆದ ಶೆಡ್ಡಿಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಲ್ಲಿ ಅದು ಬಾಯಿ ತೆರೆದು ಏದುಸಿರು ಬಿಟ್ಟು ದೇಹದ ಶಾಖವನ್ನು ಹೊರಹಾಕುತ್ತದೆ. ಹೆಚ್ಚು ತಿಂದು ಬೇಗ ಬೆಳೆಯುವ ಕೋಳಿಯ ದೇಹದಲ್ಲಿ ಉತ್ಪತ್ತಿಯಾಗುವ ಶಾಖವೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆಯ ತೆರೆದ ಶೆಡ್ಡುಗಳಲ್ಲಿ ಅತಿವೇಗದ ತಳಿಯೇ ಮೊದಲು ಆಹಾರ ಬಿಟ್ಟು, ಮಾರಾಟದ ಹೊಸ್ತಿಲಲ್ಲಿ ಸಾಯುವ ಅಪಾಯವಿದೆ. ಕರಾವಳಿಯಲ್ಲಿ ಉಷ್ಣಾಂಶ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿನ ತೇವಾಂಶದಿಂದಾಗಿ ಏದುಸಿರಿನಿಂದ ಸಿಗುವ ತಂಪು ಕಡಿಮೆ. ನೀರು ಹರಿಸುವ ತಂಪು ಪ್ಯಾಡುಗಳ ಪ್ರಯೋಜನವೂ ಕಡಿಮೆ. ಬೆಂಗಳೂರು, ಕೋಲಾರದ ಎತ್ತರದ ಬಯಲಿನಲ್ಲಿ ಬೇಸಿಗೆಯ ಸಮಸ್ಯೆ ಸ್ವಲ್ಪ ಹಗುರ. ಆದರೆ ಚಳಿಗಾಲದ ರಾತ್ರಿಗಳಲ್ಲಿ ಪರದೆಗಳನ್ನು ಪೂರ್ತಿ ಮುಚ್ಚಿದರೆ ಗಾಳಿ ಕೆಟ್ಟು, ಆಮ್ಲಜನಕದ ಬೇಡಿಕೆ ಹೆಚ್ಚಿರುವ ವೇಗದ ತಳಿಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ರೋಗ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಚಳಿಗಾಲದಲ್ಲಿ ಮೊದಲ ಸ್ಥಾನದಲ್ಲಿದ್ದ ತಳಿ ಬೇಸಿಗೆಯಲ್ಲಿ ಎರಡನೆಯದಾಗುವುದು ಅಸಹಜವೇನಲ್ಲ. ವರ್ಷಕ್ಕೆ ಕನಿಷ್ಠ ಎರಡು ಬಾರಿ, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ, ಹೋಲಿಕೆ ನಡೆಸಿದರೆ ಮಾತ್ರ ಪೂರ್ಣ ಚಿತ್ರ ಸಿಗುತ್ತದೆ. ಋತುವಿಗೆ ತಕ್ಕಂತೆ ತಳಿಯನ್ನೋ ಮಾರಾಟದ ತೂಕವನ್ನೋ ಬದಲಿಸುವ ಅವಕಾಶವನ್ನೂ ಪರಿಶೀಲಿಸಬಹುದು.

ಕೊಳ್ಳುವವರ ದೃಷ್ಟಿಯಿಂದ

ತಳಿಯ ಮೇಲ್ಮೆಯನ್ನು ಅಂತಿಮವಾಗಿ ನಿರ್ಧರಿಸುವುದು ಮಾರುಕಟ್ಟೆ. ತಂದೂರಿಗೆ ಇಡೀ ಕೋಳಿ ಬಳಸುವ ಹೋಟೆಲುಗಳಿಗೆ ಚಿಕ್ಕ, ಸಮಗಾತ್ರದ ಕೋಳಿ ಬೇಕು. ಅಲ್ಲಿ 35 ದಿನದ ನಂತರದ ಬೆಳವಣಿಗೆಯ ವೇಗ ಅಪ್ರಸ್ತುತ. ತುಂಡು ಮಾಡಿ, ಮೂಳೆ ತೆಗೆದು ಮಾರುವ ಸಂಸ್ಕರಣಾ ಘಟಕಗಳಿಗೆ ದೊಡ್ಡ ಕೋಳಿ ಹಾಗೂ ಎದೆಯ ಮಾಂಸದ ಪ್ರಮಾಣ ಮುಖ್ಯ.

ಜೀವಂತ ಕೋಳಿ ತಂದು ಮಾಂಸ ಮಾರುವ ಅಂಗಡಿಯವರು ಗಮನಿಸಬೇಕಾದುದು ಮಾಂಸದ ಇಳುವರಿ. 2 ಕಿಲೋ ತೂಗುವ ಎರಡು ತಳಿಗಳ ಕೋಳಿಗಳಲ್ಲಿ ಒಂದರ ಇಳುವರಿ ಶೇಕಡಾ 70, ಇನ್ನೊಂದರದು ಶೇಕಡಾ 72 ಎಂದಾದರೆ, ದಿನಕ್ಕೆ 100 ಕೋಳಿ ಕೊಯ್ಯುವ ಅಂಗಡಿಗೆ 4 ಕಿಲೋ ಮಾಂಸ ಹೆಚ್ಚು ಸಿಗುತ್ತದೆ. ಜೀವಂತ ತೂಕದ ದರದಲ್ಲಿ ಖರೀದಿಸುವಾಗ ಕಣ್ಣಿಗೆ ಬೀಳದ ಈ ಅಂತರವನ್ನು ಒಂದು ವಾರ ಎರಡೂ ತಳಿಗಳನ್ನು ಪ್ರತ್ಯೇಕವಾಗಿ ತೂಗಿ ನೋಡಿ ಅರಿಯಬಹುದು. ಹೋಲಿಸುವ ಕೋಳಿಗಳು ಒಂದೇ ತೂಕದವಾಗಿದ್ದು, ಒಂದೇ ಅವಧಿ ಖಾಲಿ ಹೊಟ್ಟೆಯಲ್ಲಿ ಇದ್ದವಾಗಿರಬೇಕು.

ಆಹಾರ ತಯಾರಿಸುವ ಸಣ್ಣ ಘಟಕಗಳು ತಮ್ಮ ಗಿರಾಕಿಗಳು ಸಾಕುವ ತಳಿ ಯಾವುದು ಎಂಬುದನ್ನು ತಿಳಿದಿರಬೇಕು. ವೇಗದ ತಳಿಗೆ ಬೇಕಾದ ಪ್ರೊಟೀನು, ಅದರಲ್ಲೂ ಲೈಸಿನ್‌ನಂತಹ ಅಮೈನೊ ಆಮ್ಲಗಳ ಕೊರತೆಯಾದರೆ ದೂರು ಮೊದಲು ಬರುವುದು ಆಹಾರದ ಮೇಲೆಯೇ. ಫ್ಯಾನು, ನೀರಿನ ನಿಪ್ಪಲ್, ಆಹಾರದ ಪಾತ್ರೆ ತಯಾರಿಸುವವರಿಗೂ ತಳಿಯ ಬದಲಾವಣೆ ಸಂಬಂಧಿಸಿದ್ದೇ. ಸಾವಿರ ಕೋಳಿಗಳ ಸರಾಸರಿ ತೂಕ 1.8 ಕಿಲೋದಿಂದ 2.2 ಕಿಲೋಗೆ ಏರಿದರೆ ಅದೇ ಶೆಡ್ಡಿನಲ್ಲಿ 400 ಕಿಲೋ ಹೆಚ್ಚು ಜೀವಭಾರ ಉಸಿರಾಡುತ್ತಿರುತ್ತದೆ. ಗಾಳಿಯ ವ್ಯವಸ್ಥೆಯನ್ನು ಕೋಳಿಗಳ ಸಂಖ್ಯೆಯ ಬದಲು ಒಟ್ಟು ತೂಕದ ಆಧಾರದಲ್ಲಿ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಗುತ್ತಿಗೆ ಸಾಕಣೆಯಲ್ಲಿ ಮರಿಯ ಆಯ್ಕೆ ರೈತರ ಕೈಯಲ್ಲಿರುವುದಿಲ್ಲ. ಮರಿ, ಆಹಾರ, ಔಷಧಿ ಎಲ್ಲವನ್ನೂ ಕಂಪನಿಯೇ ಒದಗಿಸುತ್ತದೆ. ಆದರೆ ಸಾಕಣೆ ಶುಲ್ಕವು ಸಾಮಾನ್ಯವಾಗಿ ಎಫ್‌ಸಿಆರ್, ಸಾವಿನ ಪ್ರಮಾಣ ಹಾಗೂ ಉತ್ಪಾದನಾ ವೆಚ್ಚವನ್ನು ಆಧರಿಸಿರುವುದರಿಂದ ತಳಿಯ ವ್ಯತ್ಯಾಸ ರೈತರ ಆದಾಯವನ್ನು ನೇರವಾಗಿ ತಟ್ಟುತ್ತದೆ. ಯಾವ ತಳಿ, ಯಾವ ಹ್ಯಾಚರಿ, ಎಷ್ಟು ವಾರದ ಪೋಷಕ ಹಿಂಡು, ಮೊದಲ ವಾರದ ಸಾವು ಎಷ್ಟು ಎಂಬ ದಾಖಲೆ ರೈತರ ಬಳಿಯೂ ಇದ್ದರೆ ಶುಲ್ಕದ ಬಗೆಗಿನ ಮಾತುಕತೆ ಅಂಕಿಗಳ ಆಧಾರದಲ್ಲಿ ನಡೆಯುತ್ತದೆ.

ಮಾಹಿತಿಯ ಮೂಲಗಳು

ಮಾರಾಟಗಾರರ ಕೈಪಿಡಿಯನ್ನು ಮಾತ್ರ ಅವಲಂಬಿಸಬೇಕಾಗಿಲ್ಲ. ದೇಶದಲ್ಲಿ ಲಭ್ಯವಿರುವ ಕೋಳಿ ತಳಿಗಳ ಸಾಧನೆಯನ್ನು ಸಮಾನ ಪರಿಸ್ಥಿತಿಯಲ್ಲಿ ಪರೀಕ್ಷಿಸುವ ಹೊಣೆಯನ್ನು ಕೇಂದ್ರ ಸರ್ಕಾರವು ಗುರುಗ್ರಾಮದ ಕೇಂದ್ರೀಯ ಕುಕ್ಕುಟ ಸಾಧನೆ ಪರೀಕ್ಷಾ ಕೇಂದ್ರಕ್ಕೆ ವಹಿಸಿದೆ. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಹಾಗೂ ತರಬೇತಿ ಕೇಂದ್ರ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮತ್ತು ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯಗಳಲ್ಲಿಯೂ ತಜ್ಞರ ಸಲಹೆ ದೊರೆಯುತ್ತದೆ. ಇಂತಹ ಪರೀಕ್ಷೆಗಳ ಫಲಿತಾಂಶ ಓದುವಾಗಲೂ ಪರೀಕ್ಷೆ ನಡೆದ ವರ್ಷ, ಋತು ಹಾಗೂ ನೀಡಿದ ಆಹಾರದ ವಿವರಗಳನ್ನು ಮೊದಲು ನೋಡಬೇಕು.

ಮುಂದಿನ ಬ್ಯಾಚಿನ ಮರಿಗೆ ಮುಂಗಡ ನೀಡುವ ಮೊದಲು ಸಾಕಣೆದಾರರು ತಮ್ಮ ಪುಸ್ತಕದಲ್ಲಿ ಐದು ಅಂಕಿಗಳನ್ನು ಬರೆದುಕೊಂಡರೆ ಸಾಕು: ಮರಿಯ ದರ, ಆಹಾರದ ದರ, ಕಳೆದ ಮೂರು ಬ್ಯಾಚುಗಳ ಸರಿಪಡಿಸಿದ ಎಫ್‌ಸಿಆರ್, ಬದುಕುಳಿದ ಪ್ರಮಾಣ ಮತ್ತು ಒಂದು ಕಿಲೋ ಜೀವಂತ ತೂಕದ ಉತ್ಪಾದನಾ ವೆಚ್ಚ. ಹೊಸ ತಳಿಯನ್ನು ಪ್ರಯತ್ನಿಸಬಯಸುವವರು ಇಡೀ ಶೆಡ್ಡಿಗೆ ಒಮ್ಮೆಲೇ ತುಂಬದೆ, ಅರ್ಧ ಭಾಗದಲ್ಲಿ ಹಳೆಯ ತಳಿಯನ್ನು ಅಂಕಣ ಬಿಟ್ಟು ಅಂಕಣದಂತೆ ಉಳಿಸಿಕೊಂಡು, ಎರಡು ಋತುಗಳ ಫಲಿತಾಂಶ ನೋಡಿ ನಿರ್ಧರಿಸುವುದು ಕ್ಷೇಮಕರ.